ಬ್ಯಾಡಗಿಯ ಬೆಳಗಿನ ಜನಸಂದಣಿ

೨೦೨೦ನೆಯ ಮಾರ್ಚ್ ೨೨ರಂದು ಮಹಾಮಾರಿಯ ದೆಸೆಯಿಂದ ದೇಶದ ಪ್ರಯಾಣಿಕರ ರೈಲುಗಳು ನಿಂತುಹೋದುದು ವಾಚಕರಿಗೆ ನೆನಪಿದ್ದೀತು. ಮೆಣಸಿನಕಾಯಿಯ ಸುಗ್ಗಿಯಲ್ಲಿಯೇ ಬ್ಯಾಡಗಿಯ ಬೀದಿಗಳು ನಿರ್ಜನವಾದುವು. ಆ ದುಷ್ಕಾಲವು ಕಳೆದು, ಪ್ರಾತಃಕಾಲದ ಸಂದಣಿಯು ಮರಳಿ ಬಂದಿದೆ. ಆದರೆ ಹೋದ ದಾರಿಯಲ್ಲಿಯೇ ಬಂದಿತೆನ್ನುವಂತಿಲ್ಲ.

ಮೊದಲು ಹಾವೇರಿಗೋ ರಾಣೆಬೆನ್ನೂರಿಗೋ ಹೋಗುವ ಬಡ ನೌಕರನು ಹತ್ತು ರೂಪಾಯಿಯ ಟಿಕೀಟು ಕೊಂಡು ಪ್ಯಾಸೆಂಜರ್ ಗಾಡಿಯನ್ನೇರುತ್ತಿದ್ದನು. ಗಾಡಿಗಳು ಪುನಃ ಹೊರಟಾಗ ಅವಕ್ಕೆ ಎಕ್ಸ್‌ಪ್ರೆಸ್ ಎಂಬ ನಾಮಕರಣವಾಗಿ, ಕನಿಷ್ಠ ದರವು ಮೂವತ್ತು ರೂಪಾಯಿಗೇರಿತು. ಗಾಡಿಯ ಹೆಸರು ದೊಡ್ಡದಾದೊಡನೆ ಬಡವನ ಸಂಬಳವೇನೂ ದೊಡ್ಡದಾಗಲಿಲ್ಲ! ಹಳೆಯ ದರವು ಮರಳಿದುದು ೨೦೨೪ರ ಫೆಬ್ರುವರಿಯಲ್ಲಿ. ಅದಕ್ಕೆ ಮುಂಚೆಯೇ, ೨೦೨೩ರ ಜೂನ್ ೧೧ರಿಂದ, ಶಕ್ತಿ ಯೋಜನೆಯು ಸ್ತ್ರೀಯರಿಗೆ ಸರಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣವನ್ನು ಒದಗಿಸಿತ್ತು.

ಈ ಸೌಕರ್ಯವು ಶ್ಲಾಘ್ಯವೇ ಸರಿ. ಮೆಣಸಿನಕಾಯಿಯ ತೊಟ್ಟು ಬಿಡಿಸಲು ಹಳ್ಳಿಗಳಿಂದ ಬರುವ ಹೆಣ್ಣುಮಕ್ಕಳ ಕೂಲಿಯಲ್ಲಿ ನಾಲ್ಕು ಕಾಸು ಉಳಿಯುತ್ತದೆ. ಆದರೆ ಬಸ್ಸು ತುಂಬಿತೆಂದು ಬಾಗಿಲಿಗೆ ಜೋತುಬೀಳುವವರು ಶಾಲೆಯ ಬಾಲಕರು; ಸೋಮವಾರ, ಗುರುವಾರಗಳ ಪೇಟೆಯ ದಿನಗಳಲ್ಲಂತೂ ಇಕ್ಕೆಲಗಳಲ್ಲಿಯೂ ಚೀಲ ಹೇರಿದ ಲಾರಿಗಳು. ನೋಡಿದರೆ ಎದೆ ಝಲ್ಲೆನ್ನುತ್ತದೆ. ಆ ಎರಡು ದಿನಗಳ ಬೆಳಿಗ್ಗೆಯಾದರೂ ಒಂದೆರಡು ಬಸ್ಸುಗಳನ್ನು ಹೆಚ್ಚಾಗಿ ಬಿಡುವುದು ಅತ್ಯವಶ್ಯ. ಅಲ್ಲಿಯವರೆಗೆ ಗೃಹಸ್ಥರು ತಮ್ಮ ಮಕ್ಕಳನ್ನು ಅರ್ಧ ಗಂಟೆ ಮುಂಚಿತವಾಗಿಯೇ ಮನೆಯಿಂದ ಕಳುಹಿಸಲಿ.