ಟೆರಾಫ್ಲಾಪ್ ಹೆಚ್ಚಿದ್ದರೆ ಗೇಮ್ ಕನ್ಸೋಲ್ ಹೆಚ್ಚು ವೇಗವೇ?

ಹೊಸ ಗೇಮ್ ಕನ್ಸೋಲ್ ಬರುತ್ತದೆ ಎಂಬ ಸುದ್ದಿ ಹಬ್ಬಿದರೆ ಸಾಕು, ‘ಇದರಲ್ಲಿ ಇಷ್ಟು ಟೆರಾಫ್ಲಾಪ್, ಹಳೆಯದಕ್ಕಿಂತ ಇಷ್ಟು ಪಟ್ಟು ವೇಗ’ ಎಂಬ ಫಾರ್ವರ್ಡ್‌ಗಳು ಶುರುವಾಗುತ್ತವೆ. ಕೆಲವದರ ಕೆಳಗೆ ಮುಂಗಡ ಬುಕಿಂಗ್ ಲಿಂಕ್ ಕೂಡ ಇರುತ್ತದೆ. ಆ ಒಂದು ಸಂಖ್ಯೆ ನಂಬಿ ದುಡ್ಡು ಕಟ್ಟಬಹುದೇ?

ಒಂದು ಟೆರಾಫ್ಲಾಪ್ ಎಂದರೆ ಸೆಕೆಂಡಿಗೆ ಒಂದು ಲಕ್ಷ ಕೋಟಿ ದಶಮಾಂಶ ಲೆಕ್ಕ. ಕನ್ಸೋಲ್‌ಗಳಲ್ಲಿ ಇದು ಗ್ರಾಫಿಕ್ಸ್ ಚಿಪ್‌ನ ಗರಿಷ್ಠ ಸಾಮರ್ಥ್ಯ, ಅದೂ ಕಾಗದದ ಮೇಲೆ.

2017ರ ಎಕ್ಸ್‌ಬಾಕ್ಸ್ ಒನ್ ಎಕ್ಸ್‌ನದು 6 ಟೆರಾಫ್ಲಾಪ್. 2020ರ ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ನದು 4 ಮಾತ್ರ. ಹಾಗಂತ ಹೊಸದು ನಿಧಾನವಲ್ಲ. ಅದರ ಪ್ರೊಸೆಸರ್ ಬಹಳ ಚುರುಕು, ಗ್ರಾಫಿಕ್ಸ್ ಚಿಪ್ ಹೊಸ ವಿನ್ಯಾಸದ್ದು. ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಇರುವುದರಿಂದ ಗೇಮ್ ಬೇಗ ತೆರೆದುಕೊಳ್ಳುತ್ತದೆ. ಹಳೆಯದೇ ಮುಂದಿರುವ ಕಡೆಯೂ ಇದೆ ಅನ್ನಿ: ಒನ್ ಎಕ್ಸ್‌ನಲ್ಲಿ ಮೆಮೊರಿ 12 ಜಿಬಿ, ಸೀರೀಸ್ ಎಸ್‌ನಲ್ಲಿ 10. ಕೆಲವು ಹಳೆಯ ಗೇಮ್‌ಗಳ ಚಿತ್ರ ಒನ್ ಎಕ್ಸ್‌ನಲ್ಲೇ ಹೆಚ್ಚು ಸ್ಪಷ್ಟ.

ಇನ್ನು ಬುಕಿಂಗ್ ವಿಷಯ. ಪ್ಲೇಸ್ಟೇಷನ್ 5ರದು 10.28 ಟೆರಾಫ್ಲಾಪ್ ಎಂದು ಸೋನಿಯೇ 2020ರ ಮಾರ್ಚ್‌ನಲ್ಲಿ ತಿಳಿಸಿತ್ತು. ಕನ್ಸೋಲ್ ಭಾರತಕ್ಕೆ ಬಂದದ್ದು 2021ರ ಫೆಬ್ರವರಿಯಲ್ಲಿ. ಕಂಪನಿ ಬೆಲೆಯನ್ನೇ ಹೇಳುವ ಮೊದಲು ‘ಈಗಲೇ ಬುಕ್ ಮಾಡಿ’ ಎನ್ನುವ ಲಿಂಕ್ ಬಂದರೆ ಹಣ ಕಟ್ಟಬೇಡಿ, ಗ್ರೂಪಿಗೂ ಕಳಿಸಬೇಡಿ.