ತೋಟದ ಮನೆಯ ರಾತ್ರಿ ಕರೆಂಟು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಊರೊಳಗಿನ ಮನೆಗೆ ಸಿಗುವ ಕರೆಂಟು ತೋಟದ ಮನೆಗೆ ಸಿಗುವುದಿಲ್ಲ. ನಿರಂತರ ಜ್ಯೋತಿ ಯೋಜನೆಯಲ್ಲಿ ಹಳ್ಳಿಗಳಿಗೆ ಬೇರೆ ಫೀಡರ್ ಎಳೆದಾಗ, ತೆಂಗಿನ ನಡುವಿನ ಒಂಟಿ ಮನೆಗಳು ಬಹುಪಾಲು ಪಂಪ್‌ಸೆಟ್ ಲೈನಿನಲ್ಲೇ ಉಳಿದವು. ಅಲ್ಲಿ ತ್ರೀಫೇಸ್ ಏಳು ಗಂಟೆ, ಅದೂ ಸರದಿಯಂತೆ. ರಾತ್ರಿ ಸಿಂಗಲ್ ಫೇಸ್ ಬಂದರೆ ಬಂತು. ಮಕ್ಕಳ ಓದು ಇರುವ, ಕೊಟ್ಟಿಗೆಯ ಸುತ್ತ ಚಿರತೆಯ ಭಯವಿರುವ ಮನೆಗೆ ಬ್ಯಾಟರಿ ಬೇಕೇ ಬೇಕು.

ಎಷ್ಟು ದೊಡ್ಡದು ಬೇಕೆಂಬುದನ್ನು ಫ್ಯಾನೇ ತೀರ್ಮಾನಿಸುತ್ತದೆ. 12 ವೋಲ್ಟ್, 150 ಎಎಚ್‌ನ ಟ್ಯೂಬುಲರ್ ಬ್ಯಾಟರಿ 1,800 ವಾಟ್-ಅವರ್ ಹಿಡಿಯುತ್ತದೆ. ಬಾಳಿಕೆ ಬರಬೇಕಾದರೆ ಅರ್ಧದಷ್ಟೇ ಬಳಸಬೇಕು, ಅಂದರೆ 900. ಒಂಬತ್ತು ವಾಟಿನ ನಾಲ್ಕು ಬಲ್ಬು ಐದು ಗಂಟೆಗೆ ಕೇಳುವುದು 180. ಹಳೆಯ 75 ವಾಟಿನ ಎರಡು ಫ್ಯಾನು ಎಂಟು ಗಂಟೆಗೆ 1,200 ಕೇಳುತ್ತವೆ. ಬಿಎಲ್‌ಡಿಸಿ ಫ್ಯಾನಾದರೆ 480ರ ಆಸುಪಾಸು. ಎರಡನೇ ಬ್ಯಾಟರಿ ಕೊಳ್ಳುವ ಮೊದಲು ಫ್ಯಾನು ಬದಲಿಸಿ. ಬೋರ್‌ವೆಲ್ ಮೋಟಾರನ್ನು ಈ ಲೆಕ್ಕಕ್ಕೆ ತರಲೇಬೇಡಿ: 5 ಎಚ್‌ಪಿ ಎಂದರೆ ಸುಮಾರು 3,700 ವಾಟ್. ನೀರಿಗೆ ತೊಟ್ಟಿಯೇ ಬ್ಯಾಟರಿ, ತ್ರೀಫೇಸ್ ಇದ್ದಾಗಲೇ ತುಂಬಿಸಿಕೊಳ್ಳಬೇಕು.

ಬ್ಯಾಟರಿಯನ್ನು ಸೌರ ಪ್ಯಾನೆಲ್‌ನಿಂದ ಚಾರ್ಜ್ ಮಾಡಹೊರಟರೆ, ನಮ್ಮ ಸೀಮೆಯ ನಿಜವಾದ ತೊಡಕು ನೆರಳು. ಪ್ಯಾನೆಲ್‌ನ ಸೆಲ್‌ಗಳನ್ನು ಒಂದಕ್ಕೊಂದು ಸರಣಿಯಲ್ಲಿ ಜೋಡಿಸಿರುವುದರಿಂದ, ಒಂದು ಗರಿಯ ನೆರಳು ಕೆಲವೇ ಸೆಲ್‌ಗಳ ಮೇಲೆ ಬಿದ್ದರೂ ಉತ್ಪಾದನೆ ತೀರಾ ಕುಸಿಯುತ್ತದೆ. ಏಪ್ರಿಲ್‌ನಲ್ಲಿ ಚೆನ್ನಾಗಿ ಕಾಣುವ ಜಾಗ ಡಿಸೆಂಬರ್‌ನಲ್ಲಿ ಕೆಡಬಹುದು, ಏಕೆಂದರೆ ಆಗ ಸೂರ್ಯ ದಕ್ಷಿಣಕ್ಕೆ ವಾಲಿ ಆ ದಿಕ್ಕಿನ ಮರಗಳ ನೆರಳು ಉದ್ದವಾಗುತ್ತದೆ. ಚಳಿಗಾಲದಲ್ಲಿ ಬೆಳಿಗ್ಗೆ 9ರಿಂದ ಮಧ್ಯಾಹ್ನ 3ರವರೆಗೆ ಬಿಸಿಲು ನಿಲ್ಲುವ ಜಾಗ ಹುಡುಕಿ. ಕೊಬ್ಬರಿ ಒಣಗಿಸುವ ಕಣದ ಅಂಚು ಎಷ್ಟೋ ಸಲ ಮಾಳಿಗೆಗಿಂತ ಮೇಲು. ಉದುರುವ ಕಾಯಿ, ಒಣಗರಿಯಿಂದಲೂ ಗಾಜು ದೂರವಿರಲಿ.

ಚಾರ್ಜ್ ಆಗುವಾಗ ಲೆಡ್-ಆಸಿಡ್ ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುತ್ತದೆ. ಕಾಯಿ ತುಂಬಿದ ಅಟ್ಟದ ಕೆಳಗೆ, ಚಿಪ್ಪು-ಸಿಪ್ಪೆ ಒಟ್ಟಿದ ಮೂಲೆಯಲ್ಲಿ ಅದನ್ನು ಇಡಬಾರದು. ಗಾಳಿಯಾಡುವ ಜಾಗವಿರಲಿ, ಡಿಸ್ಟಿಲ್ಡ್ ವಾಟರ್ ಮರೆಯದಿರಲಿ. ಲಿಥಿಯಂ ಕಬ್ಬಿಣ ಫಾಸ್ಫೇಟ್ ಬ್ಯಾಟರಿಗೆ ನೀರಿನ ಗೊಡವೆಯಿಲ್ಲ. ಶೇ 80ರವರೆಗೂ ಬಳಸಬಹುದು, ಬಾಳಿಕೆಯೂ ಹೆಚ್ಚು, ಬೆಲೆಯೂ ಹೆಚ್ಚು.

2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆ 3 ಕಿಲೋವಾಟ್‌ಗೆ 78,000 ರೂಪಾಯಿ ಸಬ್ಸಿಡಿ ಕೊಡುತ್ತದೆ. ಆದರೆ ಬ್ಯಾಟರಿಯಿಲ್ಲದ ಆನ್-ಗ್ರಿಡ್ ಇನ್ವರ್ಟರ್, ಲೈನ್‌ಮನ್ ಜೀವ ಕಾಯಲೆಂದೇ, ಲೈನ್ ಹೋದ ತಕ್ಷಣ ನಿಲ್ಲುತ್ತದೆ. ಸಬ್ಸಿಡಿಯನ್ನು ಅಳೆಯುವುದು ಪ್ಯಾನೆಲ್‌ನ ಕಿಲೋವಾಟಿನಲ್ಲಿ, ಬ್ಯಾಟರಿಗೆ ಅದರಲ್ಲಿ ಪಾಲಿಲ್ಲ. ಲೈನಿನ ಕೊನೆಯಲ್ಲಿರುವ ತೋಟದ ಮನೆಗೆ ಬೇಕಿರುವುದೇ ಆ ಪಾಲು. ಸರ್ಕಾರ ಅದನ್ನು ಕೊಡಬೇಕು, ಇಲ್ಲವೇ ಈ ಮನೆಗಳನ್ನು ಹಳ್ಳಿಯ ಫೀಡರ್‌ಗೆ ಸೇರಿಸಬೇಕು.