ಬೇಸಗೆಯ ಸರೋವರ, ಹಿರಿಬಾಯಿಯ ಮೀನು

ರವಿವಾರ ಬೆಳಿಗ್ಗೆ ಪೊವಾಯಿ ಸರೋವರದ ದಡದಲ್ಲಿ ಗಾಳವನ್ನು ಇಳಿಯಬಿಟ್ಟು ಮಾತಿಲ್ಲದೆ ಕುಳಿತವರನ್ನು ಮುಂಬಯಿಯ ವಾಚಕರು ಕಂಡಿರಬಹುದು. ಅವರು ಕಾಯುವುದು ರೋಹು, ಕಾಟ್ಲಾಗಳಿಗಾಗಿ. ಅಮೇರಿಕಾದಲ್ಲಿ ಇಂಥದೇ ತಪಸ್ಸಿಗೆ ಗುರಿಯಾದ ಮೀನು ಬ್ಯಾಸ್; ಅದರಲ್ಲಿಯೂ ಹಿರಿಬಾಯಿಯ ಬ್ಯಾಸ್. ಹಸುರು ಮೈ, ಪಕ್ಕದಲ್ಲೊಂದು ಕಪ್ಪು ಪಟ್ಟೆ, ಕಣ್ಣಿನಿಂದಾಚೆಗೂ ಸೀಳಿದ ಬಾಯಿ.

ಬೇಟೆಯನ್ನು ಬೆನ್ನಟ್ಟುವುದಕ್ಕಿಂತ ಹೊಂಚಿ ಹಿಡಿಯುವುದರಲ್ಲಿ ಇದು ನಿಪುಣ. ಬೇಸಗೆಯ ನಡುಹಗಲಲ್ಲಿ ಮೇಲಣ ನೀರು ಕಾದಾಗ ಜೊಂಡಿನ ನೆರಳನ್ನೋ, ಮುಳುಗಿದ ದಿಮ್ಮಿಯ ಮರೆಯನ್ನೋ, ತುಸು ಆಳದ ತಂಪನ್ನೋ ಸೇರುತ್ತದೆ. ತೀರ ತಳಕ್ಕೆ ಇಳಿಯಲಾರದು. ಬೇಸಗೆಯಲ್ಲಿ ಅನೇಕ ಸರೋವರಗಳ ತಳದ ನೀರಿನಲ್ಲಿ ಪ್ರಾಣವಾಯು ಸಾಲದು. ಆದುದರಿಂದ ಬಲ್ಲವರು ಅರುಣೋದಯದಲ್ಲಿ ಇಲ್ಲವೆ ಮುಸ್ಸಂಜೆಯಲ್ಲಿ, ಮೀನು ದಡದ ತೆಳುನೀರಿಗೆ ಬರುವ ಹೊತ್ತು ನೋಡಿ ಗಾಳವೆಸೆಯುತ್ತಾರೆ. ಮಧ್ಯಾಹ್ನ ದೋಣಿಯಲ್ಲಿ ಕುಳಿತು ಬೇಯುವವರು ಸಾಮಾನ್ಯವಾಗಿ ಹೊಸಬರು.

1932ರ ಜೂನ್ 2ರಂದು ಜಾರ್ಜಿಯಾ ಸಂಸ್ಥಾನದ ಮಾಂಟ್‌ಗೊಮರಿ ಎಂಬ ಸಣ್ಣ ಸರೋವರದಲ್ಲಿ ಜಾರ್ಜ್ ಪೆರಿ ಎಂಬ ಬಡ ಒಕ್ಕಲು ತರುಣನಿಗೆ 22 ಪೌಂಡು 4 ಔನ್ಸು, ಎಂದರೆ 10 ಕಿಲೋಗ್ರಾಮಿಗೂ ಮಿಗಿಲಾದ ಬ್ಯಾಸ್ ಸಿಕ್ಕಿತು. ಅಮೇರಿಕಾ ಆರ್ಥಿಕ ಮುಗ್ಗಟ್ಟಿನಲ್ಲಿ ನಲುಗಿದ್ದ ಕಾಲವದು. ಪೆರಿಯೂ ಅವನ ಗೆಳೆಯನೂ ಇಬ್ಬರ ನಡುವೆ ಒಂದೇ ಕೃತಕ ಎರೆಯನ್ನು ಇಟ್ಟುಕೊಂಡು ಸರದಿಯಂತೆ ಎಸೆಯುತ್ತಿದ್ದರಂತೆ. ಮೀನನ್ನು ತೂಗಿಸಿದ ಮೇಲೆ ಪೆರಿ ಮಾಡಿದುದೇನು? ಮನೆಗೆ ಒಯ್ದು ಬೇಯಿಸಿ ಉಂಡುದು. ಒಂದು ಪತ್ರಿಕೆಯ ಸ್ಪರ್ಧೆಯಲ್ಲಿ 75 ಡಾಲರು ಬೆಲೆಯ ಸಾಮಾನು ಬಹುಮಾನವಾಗಿ ಬಂದಿತು. ನಮಗೆ ಇದರಲ್ಲಿ ಅಚ್ಚರಿ ತೋರದು. ಹಸಿದ ಮನೆಯಲ್ಲಿ ದಾಖಲೆಗಿಂತ ಊಟ ದೊಡ್ಡದು.

ಈ ದಾಖಲೆಗೆ ಸಾಟಿ ದೊರೆತುದು 77 ವರ್ಷಗಳ ಬಳಿಕ, ಅದೂ ಜಪಾನಿನಲ್ಲಿ. 2009ರ ಜುಲೈ 2ರಂದು ಬಿವಾ ಸರೋವರದಲ್ಲಿ ಮನಾಬು ಕುರಿತಾ ಎಂಬವರು ಹಿಡಿದ ಮೀನು ಪೆರಿಯ ಮೀನಿಗಿಂತ ತೂಕದಲ್ಲಿ ಒಂದು ಔನ್ಸಿಗೂ ಕಡಮೆ ಹೆಚ್ಚಿತ್ತು. ಹಳೆಯದನ್ನು ಮುರಿಯಲು ಎರಡು ಔನ್ಸಾದರೂ ಹೆಚ್ಚಿರಬೇಕೆಂಬುದು ನಿಯಮ. ಆದುದರಿಂದ ಇಬ್ಬರ ಹೆಸರೂ ಸಮಸಮನಾಗಿ ನಿಂತಿತು.

ಆದರೆ ಬಿವಾದಲ್ಲಿ ಈ ಮೀನು ಪರಕೀಯ. 1925ರಲ್ಲಿ ಆಕಾಬೋಶಿ ತೆತ್ಸುಮಾ ಎಂಬ ಉದ್ಯಮಿ ಅಮೇರಿಕಾದಿಂದ ತಂದು ಆಶಿ ಸರೋವರದಲ್ಲಿ ಬಿಟ್ಟುದೇ ಜಪಾನಿನಲ್ಲಿ ಇದರ ಮೊದಲು. ಕುರಿತಾ ಎರೆಯಾಗಿ ಕಟ್ಟಿದ ಜೀವಂತ ಬ್ಲೂಗಿಲ್ ಸಹ ಪರದೇಶದ್ದೇ! 1960ರಲ್ಲಿ, ಆಗ ಯುವರಾಜರಾಗಿದ್ದ ಅಕಿಹಿತೊ ಅಮೇರಿಕಾ ಪ್ರವಾಸದಿಂದ ಅದನ್ನು ತಂದು, ಜನರಿಗೆ ಆಹಾರವಾದೀತೆಂದು ಸಂಶೋಧನಾಲಯಕ್ಕೆ ಕೊಟ್ಟರು. ಚಕ್ರವರ್ತಿಯಾದ ಮೇಲೆ, 2007ರಲ್ಲಿ, ಬಿವಾ ತೀರದ ಶಿಗಾ ಪ್ರಾಂತದ ಸಭೆಯೊಂದರಲ್ಲಿ ಅದಕ್ಕಾಗಿ ತಮ್ಮ ಮನಸ್ಸು ನೊಂದಿದೆಯೆಂದು ಬಹಿರಂಗವಾಗಿಯೇ ನುಡಿದರು.

ಬಿವಾದ ‘ನಿಗೊರೊಬುನಾ’ ಎಂಬ ಮೀನನ್ನು ಉಪ್ಪಿನಲ್ಲಿಟ್ಟು, ಅನ್ನದೊಡನೆ ತಿಂಗಳುಗಟ್ಟಲೆ ಹುಳಿಸಿ ‘ಫುನಾಜುಶಿ’ ಮಾಡುವುದು ಅಲ್ಲಿಯವರ ಪುರಾತನ ಪದ್ಧತಿ. ಒಣಮೀನಿನ ಕಂಪನ್ನು ಬಲ್ಲ ನಮ್ಮ ಕರಾವಳಿಯವರಿಗೆ ಆ ಅಕ್ಕರೆ ಸುಲಭವಾಗಿ ಅರ್ಥವಾದೀತು. ಬ್ಯಾಸ್ ಮತ್ತು ಬ್ಲೂಗಿಲ್ ಮೊಟ್ಟೆಮರಿಗಳನ್ನು ನುಂಗಿದುದೂ ದಡದ ಜೊಂಡು ಅಳಿದುದೂ ಸೇರಿ ಆ ಮೀನು ವಿರಳವಾಯಿತು. ಹಿಡಿದ ಬ್ಯಾಸನ್ನು ಮರಳಿ ನೀರಿಗೆ ಬಿಡುವುದು ಅಮೇರಿಕಾದ ಗಾಳಗಾರರಲ್ಲಿ ಸಜ್ಜನಿಕೆ. ಶಿಗಾದಲ್ಲಿ 2003ರಿಂದ ಅದು ನಿಷಿದ್ಧ. ಹಿಡಿದವರು ಹಾಕಿ ಹೋಗಲೆಂದು ಸರೋವರದ ದಡದಲ್ಲಿ ಪೆಟ್ಟಿಗೆಗಳನ್ನೇ ಇರಿಸಿದ್ದಾರೆ.